ಅವರ ಮನಸ್ಸಿನಲ್ಲಿ ನಮಗೆ ಕಾಣುವುದು ಯಾರ ಮನಸ್ಸು? ಪ್ರಕ್ಷೇಪಣ ಎಂದರೇನು, ಅದು ಹೇಗೆ ನಡೆಯುತ್ತದೆ

“ನಿನ್ನ ಮನಸ್ಸಲ್ಲಿರೋದನ್ನೇ ನನ್ನ ಮೇಲೆ ಪ್ರೊಜೆಕ್ಟ್ ಮಾಡ್ತಿದ್ದೀಯ.” ಒಂದು ಕಾಲಕ್ಕೆ ಮನೋವೈದ್ಯರ ಕೋಣೆಯೊಳಗಷ್ಟೇ ಇದ್ದ ಮಾತಿದು. ಈಗ ಗಂಡ ಹೆಂಡತಿಯ ಜಗಳದಲ್ಲೂ ಆಫೀಸಿನ ಕ್ಯಾಂಟೀನಿನಲ್ಲೂ ಕೇಳುತ್ತದೆ. ಅರ್ಧ ನಿಮಿಷದ ರೀಲ್ಸ್‌ಗಳು ಈ ಪದವನ್ನು ಮನೆಮನೆಗೆ ಮುಟ್ಟಿಸಿವೆ. ನಿಮ್ಮನ್ನು ಸುಳ್ಳುಗಾರ ಎಂದವರು ತಾವೇ ಸುಳ್ಳು ಹೇಳುವವರು, ನಿಮ್ಮ ಮೇಲೆ ಸಂಶಯಪಡುವವರು ತಾವೇ ಮೋಸ ಮಾಡುತ್ತಿರುವವರು ಎಂದು ಅವು ಖಡಾಖಂಡಿತವಾಗಿ ಹೇಳಿಬಿಡುತ್ತವೆ. ಈ ಮಾತನ್ನು ಕೇಳಿಸಿಕೊಂಡವರಿಗೆ ಉತ್ತರ ಕೊಡುವ ದಾರಿಯೇ ಇರುವುದಿಲ್ಲ. ‘ಹಾಗೇನಿಲ್ಲ’ ಎಂದರೆ, ಒಪ್ಪಿಕೊಳ್ಳಲಾಗದವರು ಹೇಳುವುದೇ ಹಾಗೆ ಎಂಬ ಮಾತು ಸಿದ್ಧವಾಗಿರುತ್ತದೆ.

ಸಂಬಂಧವನ್ನು ಕೆಡಿಸುವಷ್ಟು ತೂಕ ಈ ಪದಕ್ಕೆ ಬಂದಿರುವುದರಿಂದ, ಅದರ ಹಿಂದೆ ಏನಿದೆ, ಪ್ರಯೋಗಗಳಲ್ಲಿ ಎಷ್ಟು ಸಾಬೀತಾಗಿದೆ, ಎಷ್ಟು ಆಗಿಲ್ಲ ಎಂಬುದನ್ನು ನೋಡಬೇಕು.

ಹೆಸರು ಒಂದು, ಸಂಗತಿ ಮೂರು

ನಮ್ಮ ಭಾವನೆ, ಯೋಚನೆ, ಬಯಕೆ ಅಥವಾ ಸ್ವಭಾವವನ್ನು ಬೇರೊಬ್ಬರದು ಎಂದು ತಿಳಿಯುವುದಕ್ಕೆ ಮನಶ್ಶಾಸ್ತ್ರದ ಕನ್ನಡ ಪಠ್ಯಗಳು ‘ಪ್ರಕ್ಷೇಪಣ’ ಎನ್ನುತ್ತವೆ. ಆದರೆ ಈ ಒಂದು ಹೆಸರಿನ ಕೆಳಗೆ ಮೂರು ಬೇರೆ ಬೇರೆ ಸಂಗತಿಗಳು ಸೇರಿಕೊಂಡಿವೆ. ಜಗಳಗಳಲ್ಲಿ ಆಗುವ ಗೊಂದಲಕ್ಕೆ ಮುಖ್ಯ ಕಾರಣ ಇದೇ.

ನನಗೆ ಇಷ್ಟವಾದದ್ದು, ಸರಿ ಅನಿಸಿದ್ದು, ಗೊತ್ತಿರುವುದು ಉಳಿದವರಿಗೂ ಹಾಗೆಯೇ ಇರುತ್ತದೆ ಎಂದುಕೊಳ್ಳುವುದು ಒಂದು. ನೆಂಟರು ‘ಸಾಕು’ ಎಂದು ಎಲೆಗೆ ಕೈ ಅಡ್ಡ ಹಿಡಿದರೂ, ‘ಸಂಕೋಚ ಮಾಡ್ಕೋಬೇಡಿ’ ಎನ್ನುತ್ತ ಇನ್ನೊಂದು ಸೌಟು ಬಡಿಸುವ ಮನೆಯವರು ಮಾಡುವುದು ಇದನ್ನೇ. ತಮ್ಮ ಸಂಕೋಚ ಅವರಿಗೆ ನೆಂಟರಲ್ಲಿ ಕಾಣುತ್ತದೆ. ಎರಡನೆಯದು ಈ ಕ್ಷಣದ ಸ್ಥಿತಿಗೆ ಸಂಬಂಧಿಸಿದ್ದು. ಅಮ್ಮನಿಗೆ ಚಳಿಯಾದರೆ ಮಗುವಿಗೆ ಸ್ವೆಟರ್ ಬರುತ್ತದೆ. ರೀಲ್ಸ್‌ಗಳು ಹೇಳುವುದು ಮೂರನೆಯದನ್ನು: ನನ್ನಲ್ಲಿ ಇದೆ ಎಂದು ನನಗೇ ಒಪ್ಪಿಕೊಳ್ಳಲಾಗದ ಹೊಟ್ಟೆಕಿಚ್ಚು, ಆಸೆ ಅಥವಾ ಸಿಟ್ಟನ್ನು ಮನಸ್ಸು ಎದುರಿಗಿರುವವರ ಮೇಲೆ ಹೊರಿಸಿ ಹಗುರಾಗುವುದು.

ಈ ಮೂರರಲ್ಲಿ ಜನರ ಬಾಯಲ್ಲಿ ಹೆಚ್ಚು ಓಡಾಡುವುದು ಮೂರನೆಯದು. ಪುರಾವೆ ಗಟ್ಟಿಯಾಗಿರುವುದು ಮೊದಲ ಎರಡಕ್ಕೆ. ಹಾಗಾಗಿ ಅಲ್ಲಿಂದಲೇ ಶುರುಮಾಡೋಣ.

ಒಂದು ಅಗುಳು ಹಿಚುಕಿ ನೋಡುವುದು

ಬೇರೆಯವರ ಮನಸ್ಸಿನೊಳಗೆ ಏನಿದೆ ಎಂದು ಯಾರೂ ನೇರವಾಗಿ ನೋಡಲಾರರು. ಮುಖ, ಮಾತು, ನಡವಳಿಕೆಯಿಂದ ಊಹಿಸಬೇಕು. ಊಹೆಗೆ ಒಂದು ಆರಂಭ ಬೇಕಲ್ಲ? ನಮಗೆ ಒಳಗಿನಿಂದ ಗೊತ್ತಿರುವ ಮನಸ್ಸು ಇಡೀ ಜಗತ್ತಿನಲ್ಲಿ ಒಂದೇ, ನಮ್ಮದು.

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ತೆಗೆದು ಹಿಚುಕಿ ನೋಡುತ್ತೇವೆ. ಇಡೀ ಪಾತ್ರೆಯ ಅನ್ನವನ್ನು ಯಾರೂ ಹಿಚುಕುವುದಿಲ್ಲ. ಸಂಸ್ಕೃತದಲ್ಲಿ ಇದಕ್ಕೆ ಸ್ಥಾಲೀಪುಲಾಕ ನ್ಯಾಯ ಎಂಬ ಹೆಸರೇ ಇದೆ. ಒಂದೇ ಅಕ್ಕಿ, ಒಂದೇ ನೀರು, ಒಂದೇ ಉರಿ ಆದದ್ದರಿಂದ ಈ ಲೆಕ್ಕ ಸಾಮಾನ್ಯವಾಗಿ ತಪ್ಪುವುದಿಲ್ಲ. ಬೇರೆಯವರನ್ನು ಊಹಿಸುವಾಗ ನಾವು ಹಿಚುಕುವ ಅಗುಳು ನಾವೇ. ಎದುರಿಗಿರುವವರು ನಮ್ಮದೇ ಪಾತ್ರೆಯವರಾದರೆ ಊಹೆ ಸರಿಯಾಗುತ್ತದೆ. ಬೇರೆ ಅಕ್ಕಿ, ಬೇರೆ ಒಲೆಯವರಾದರೆ ತಪ್ಪುತ್ತದೆ. ತೊಂದರೆಯೆಂದರೆ, ಎದುರಿಗಿರುವವರು ಯಾವ ಪಾತ್ರೆಯವರು ಎಂದು ನಾವು ಕೇಳಿಕೊಳ್ಳುವುದೇ ಕಡಿಮೆ.

ಇದನ್ನು ಚೆನ್ನಾಗಿ ತೋರಿಸಿಕೊಟ್ಟ ಪ್ರಯೋಗ 1977ರದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಲೀ ರಾಸ್, ಡೇವಿಡ್ ಗ್ರೀನ್ ಮತ್ತು ಪಮೇಲಾ ಹೌಸ್ ವಿದ್ಯಾರ್ಥಿಗಳ ಮುಂದೆ ಒಂದು ಮುಜುಗರದ ಕೋರಿಕೆ ಇಟ್ಟರು. ಎದೆಗೂ ಬೆನ್ನಿಗೂ ದೊಡ್ಡ ಜಾಹೀರಾತು ಫಲಕ ನೇತುಹಾಕಿಕೊಂಡು ಕ್ಯಾಂಪಸ್ಸಿನಲ್ಲಿ ಅರ್ಧ ಗಂಟೆ ಓಡಾಡಬೇಕು. ಕೆಲವರು ಒಪ್ಪಿದರು, ಕೆಲವರು ಆಗುವುದಿಲ್ಲ ಎಂದರು. ಆಮೇಲೆ, ನಿಮ್ಮಂತಹ ಉಳಿದ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಒಪ್ಪಬಹುದು ಎಂದು ಅವರನ್ನೇ ಕೇಳಿದರು. ಒಪ್ಪಿದವರು ನೂರರಲ್ಲಿ 62 ಮಂದಿ ಒಪ್ಪುತ್ತಾರೆ ಎಂದರು. ಒಪ್ಪದವರು ನೂರರಲ್ಲಿ 67 ಮಂದಿ ಒಪ್ಪುವುದಿಲ್ಲ ಎಂದರು. ಎರಡೂ ಏಕಕಾಲಕ್ಕೆ ನಿಜವಾಗಲು ಸಾಧ್ಯವಿಲ್ಲ. ಎರಡೂ ಗುಂಪಿನವರು ತಮ್ಮನ್ನೇ ಬಹುಮತ ಎಂದುಕೊಂಡಿದ್ದರು. ಸಂಶೋಧಕರು ಇದನ್ನು ಹುಸಿ ಒಮ್ಮತದ ಪರಿಣಾಮ ಎಂದು ಕರೆದರು.

ಅದೇ ಪ್ರಯೋಗದ ಇನ್ನೊಂದು ಫಲಿತಾಂಶದ ಬಗ್ಗೆ ಮಾತು ಕಡಿಮೆ. ನನಗೆ ಅದು ಇನ್ನೂ ಮುಖ್ಯ ಅನಿಸುತ್ತದೆ. ತಮಗೆ ವಿರುದ್ಧವಾದ ಆಯ್ಕೆ ಮಾಡಿದವರ ಸ್ವಭಾವದ ಬಗ್ಗೆ ಕೇಳಿದಾಗ ಎರಡೂ ಕಡೆಯವರು ಹೆಚ್ಚು ಖಚಿತವಾದ ತೀರ್ಪು ಕೊಟ್ಟರು. ನಾನು ಮಾಡಿದ್ದು ಯಾರಾದರೂ ಮಾಡುವಂಥದ್ದು, ಅದರಲ್ಲಿ ವಿಶೇಷವಿಲ್ಲ. ಅವನು ಬೇರೆ ಮಾಡಿದನೆಂದರೆ ಅವನ ಗುಣದಲ್ಲೇ ಏನೋ ಇದೆ. ಎಲ್ಲರೂ ನನ್ನಂತೆ ಎಂಬ ನಂಬಿಕೆಯ ಬೆನ್ನಿಗೇ, ನನ್ನಂತಿಲ್ಲದವರಲ್ಲಿ ಏನೋ ಐಬಿದೆ ಎಂಬ ಅನುಮಾನ ಬರುತ್ತದೆ. ‘ನಮ್ಮ ಕಡೆಯೆಲ್ಲ ಇವರದೇ ಗಾಳಿ’ ಎಂದು ಚುನಾವಣೆ ಹೊತ್ತಿನಲ್ಲಿ ಹೇಳುವವರು, ಫಲಿತಾಂಶ ಬೇರೆ ಬಂದ ದಿನ ಮತ ಹಾಕಿದವರನ್ನೇ ಬೈಯುವುದನ್ನು ನೆನೆಸಿಕೊಂಡರೆ ಇದು ಅರ್ಥವಾಗುತ್ತದೆ.

ಇದು 1977ಕ್ಕಿಂತ ಹಳೆಯ ಗಮನಿಕೆ. 1931ರಲ್ಲಿ ಡೇನಿಯಲ್ ಕಾಟ್ಜ್ ಮತ್ತು ಫ್ಲಾಯ್ಡ್ ಆಲ್‌ಪೋರ್ಟ್ ಸಿರಕ್ಯೂಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಅಭಿಪ್ರಾಯಗಳನ್ನು ಕುರಿತು ಅಧ್ಯಯನ ಪ್ರಕಟಿಸಿದರು. ಪರೀಕ್ಷೆಯಲ್ಲಿ ತಾವು ಕಾಪಿ ಹೊಡೆದಿದ್ದೇವೆ ಎಂದು ಒಪ್ಪಿಕೊಂಡವರು, ಕಾಪಿ ಹೊಡೆಯುವವರ ಸಂಖ್ಯೆಯನ್ನೂ ಹೆಚ್ಚಾಗಿಯೇ ಅಂದಾಜಿಸಿದ್ದರು.

ಹಾಗಾದರೆ ಇದು ಬುದ್ಧಿಯ ದೋಷವೇ? 1989ರಲ್ಲಿ ಮನಶ್ಶಾಸ್ತ್ರಜ್ಞ ರಾಬಿನ್ ಡಾಸ್ ಬೇರೆಯೇ ಲೆಕ್ಕ ಮುಂದಿಟ್ಟರು. ಒಂದು ಗುಂಪಿನ ಬಗ್ಗೆ ನಮಗೆ ಏನೂ ಗೊತ್ತಿಲ್ಲ, ಆ ಗುಂಪಿನಲ್ಲಿ ನಾವೂ ಒಬ್ಬರು. ಆಗ ನಮ್ಮ ಅಭಿಪ್ರಾಯವೂ ಆ ಗುಂಪಿನ ಒಂದು ಮಾದರಿಯೇ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ತಪ್ಪಲ್ಲ, ತೆಗೆದುಕೊಳ್ಳದಿರುವುದೇ ತಪ್ಪು. ಅಂದರೆ ಒಂದು ಅಗುಳು ಹಿಚುಕುವುದು ಸರಿಯಾದ ಕ್ರಮವೇ. ಸಮಸ್ಯೆ ಇರುವುದು ಅದರ ಮುಂದಿನ ಹೆಜ್ಜೆಯಲ್ಲಿ. 1994ರಲ್ಲಿ ಯೋಕಿಮ್ ಕ್ರೂಗರ್ ಮತ್ತು ರಸೆಲ್ ಕ್ಲೆಮೆಂಟ್ ನಡೆಸಿದ ಪ್ರಯೋಗಗಳಲ್ಲಿ, ಬೇರೆಯವರ ಉತ್ತರಗಳ ಮಾಹಿತಿ ಕೈಗೆ ಸಿಕ್ಕಮೇಲೂ, ಇಂಥದ್ದೊಂದು ಪಕ್ಷಪಾತ ಇದೆ ಎಂದು ತಿಳಿಸಿಕೊಟ್ಟಮೇಲೂ ಜನ ತಮ್ಮ ಉತ್ತರಕ್ಕೇ ಹೆಚ್ಚು ತೂಕ ಕೊಟ್ಟರು. ಹೊಸ ಅಗುಳುಗಳು ಕೈಗೆ ಬಂದರೂ ಮೊದಲನೆಯದನ್ನೇ ನಂಬುವುದು, ಅದು ದೋಷ.

ಗೊತ್ತಿರುವುದರ ವಿಷಯದಲ್ಲಿ ಈ ಎಡವಟ್ಟು ಇನ್ನೂ ದೊಡ್ಡದು. 1990ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲೇ ಸಂಶೋಧನಾ ವಿದ್ಯಾರ್ಥಿನಿಯಾಗಿದ್ದ ಎಲಿಜಬೆತ್ ನ್ಯೂಟನ್, ಎಲ್ಲರಿಗೂ ಪರಿಚಿತವಾದ ಹಾಡುಗಳ ಲಯವನ್ನು ಮೇಜಿನ ಮೇಲೆ ಬೆರಳಿನಿಂದ ಕುಟ್ಟಲು ಕೆಲವರಿಗೆ ಹೇಳಿದರು. ಎದುರು ಕೂತವರು ಹಾಡು ಯಾವುದೆಂದು ಗುರುತಿಸಬೇಕಿತ್ತು. ಕುಟ್ಟಿದವರು, ಅರ್ಧದಷ್ಟು ಹಾಡುಗಳನ್ನಾದರೂ ಗುರುತಿಸುತ್ತಾರೆ ಎಂದುಕೊಂಡಿದ್ದರು. 120 ಸಲ ಕುಟ್ಟಿದ್ದರಲ್ಲಿ ಗುರುತು ಸಿಕ್ಕಿದ್ದು 3 ಸಲ. ಕುಟ್ಟುವವರ ತಲೆಯೊಳಗೆ ರಾಗ, ಸಾಹಿತ್ಯ, ವಾದ್ಯ ಎಲ್ಲವೂ ಮೊಳಗುತ್ತಿರುತ್ತದೆ. ಎದುರಿಗಿರುವವರಿಗೆ ಕೇಳುವುದು ಬರೀ ಟಕ್ ಟಕ್ ಸದ್ದು. ‘ಎಷ್ಟು ಸಲ ಹೇಳಿಕೊಟ್ಟರೂ ಇಷ್ಟು ಸುಲಭದ ಲೆಕ್ಕ ತಲೆಗೆ ಹೋಗಲ್ವಾ’ ಎಂದು ಮಗುವಿನ ಮೇಲೆ ರೇಗುವ ದೊಡ್ಡವರು ಈ ಪ್ರಯೋಗವನ್ನು ಒಮ್ಮೆ ಮನೆಯಲ್ಲೇ ಮಾಡಿ ನೋಡಬೇಕು. ಲೆಕ್ಕ ಸುಲಭವಾಗಿರುವುದು ಗೊತ್ತಿರುವವರಿಗೆ.

ಆಟವಾಡಿ ಹೆದರಿದ ಐದು ಹುಡುಗಿಯರು

ಈಗ ಎರಡನೆಯ ಬಗೆ. ಹಾರ್ವರ್ಡ್‌ನ ಮನೋವೈಜ್ಞಾನಿಕ ಕ್ಲಿನಿಕ್ಕಿನ ಮುಖ್ಯಸ್ಥರಾಗಿದ್ದ ಹೆನ್ರಿ ಮರೇ 1933ರಲ್ಲಿ ಒಂದು ಪುಟ್ಟ ಅಧ್ಯಯನ ಪ್ರಕಟಿಸಿದರು. ಅವರ ಮಗಳ ಜೊತೆ ವಾರಾಂತ್ಯ ಕಳೆಯಲು ಮನೆಯಲ್ಲಿ ಸೇರಿದ್ದ ಗೆಳತಿಯರ ಗುಂಪು ಅದು. ಒಟ್ಟು ಐದು ಹುಡುಗಿಯರು, ಎಲ್ಲರಿಗೂ 11ರ ಪ್ರಾಯ. ಅಪರಿಚಿತರ ಫೋಟೊಗಳನ್ನು ತೋರಿಸಿ, ಇವರು ಒಳ್ಳೆಯವರೋ ಕೆಟ್ಟವರೋ ಅಂಕ ಕೊಡಿ ಎಂದರು. ಕತ್ತಲೆಯಲ್ಲಿ ‘ಕೊಲೆಗಾರ’ನನ್ನು ಹುಡುಕುವ ಭಯದ ಆಟ ಆಡಿದ ಮೇಲೆ ಮತ್ತೆ ಅಂಕ ಹಾಕಿಸಿದರು. ಆಟದ ಮೊದಲು ಸಾಧಾರಣವಾಗಿ ಕಂಡ ಮುಖಗಳು ಆಟದ ನಂತರ ಕ್ರೂರವಾಗಿ ಕಂಡವು. ಫೋಟೊಗಳು ಬದಲಾಗಿರಲಿಲ್ಲ.

ಐವರು ಮಕ್ಕಳ ಅಧ್ಯಯನದಿಂದ ದೊಡ್ಡ ತೀರ್ಮಾನಕ್ಕೆ ಬರಲಾಗದು. ಆದರೆ ಅದರಲ್ಲಿ ಒಂದು ಸೂಕ್ಷ್ಮವಿದೆ. ಆ ಹುಡುಗಿಯರು ಫೋಟೊಗಳಲ್ಲಿ ತಮ್ಮ ಭಯವನ್ನೇ ಕಾಣಲಿಲ್ಲ. ಇವರೂ ಹೆದರಿದ್ದಾರೆ ಎಂದು ಹೇಳಲಿಲ್ಲ. ತಮ್ಮ ಭಯಕ್ಕೆ ಕಾರಣವಾಗಬಲ್ಲಂಥ ಕ್ರೌರ್ಯವನ್ನು ಕಂಡರು. ಪ್ರಕ್ಷೇಪಣವೆಂದರೆ ಯಾವಾಗಲೂ ನಮ್ಮ ಭಾವನೆಯ ನಕಲೇ ಎದುರಿಗೆ ಕಾಣುವುದು ಎಂದೇನಿಲ್ಲ. ಕೆಲವೊಮ್ಮೆ ಅದರ ಜೋಡಿ ಕಾಣುತ್ತದೆ. ನಾನು ಅಂಜಿದ್ದರೆ ಅವನು ಬೆದರಿಸುವವನಂತೆ, ನಾನು ನಾಚಿದ್ದರೆ ಎಲ್ಲರೂ ನನ್ನನ್ನು ನೋಡಿ ನಗುವವರಂತೆ ಕಾಣುತ್ತಾರೆ.

ಹಸಿವು ಬಾಯಾರಿಕೆಯಂಥ ದೇಹದ ಸ್ಥಿತಿಗಳೂ ಹೀಗೆಯೇ. 2003ರಲ್ಲಿ ಲೀಫ್ ವ್ಯಾನ್ ಬೋವನ್ ಮತ್ತು ಜಾರ್ಜ್ ಲೋವೆನ್‌ಸ್ಟೈನ್ ಜಿಮ್ಮಿಗೆ ಬಂದವರಿಗೆ ಒಂದು ಸನ್ನಿವೇಶ ಕೊಟ್ಟರು: ಊಟ ನೀರಿಲ್ಲದೆ ಕಾಡಿನಲ್ಲಿ ದಾರಿ ತಪ್ಪಿದ ಚಾರಣಿಗರಿಗೆ ಹಸಿವು ಹೆಚ್ಚು ಕಾಡುತ್ತದೋ ಬಾಯಾರಿಕೆಯೋ? ವ್ಯಾಯಾಮಕ್ಕೆ ಮುಂಚೆ ಉತ್ತರಿಸಿದವರಿಗಿಂತ, ಬೆವರು ಸುರಿಸಿ ಗಂಟಲೊಣಗಿಸಿಕೊಂಡು ಬಂದವರಲ್ಲಿ ‘ಬಾಯಾರಿಕೆ’ ಎಂದವರು ಬಹಳ ಹೆಚ್ಚು. ಎಂದೂ ಕಾಣದ ಚಾರಣಿಗರ ಬಾಯಿ ಇವರ ಬಾಯಿಯ ಜೊತೆಗೇ ಒಣಗಿತ್ತು.

ಮಿದುಳಿನಲ್ಲಿ ಇದು ಹೇಗೆ ನಡೆಯುತ್ತದೆ ಎಂಬುದಕ್ಕೆ 2013ರ ಒಂದು ಅಧ್ಯಯನ ಸುಳಿವು ಕೊಡುತ್ತದೆ. ಜಾರ್ಜಿಯಾ ಸಿಲಾನಿ, ತಾನಿಯಾ ಸಿಂಗರ್ ಮತ್ತು ಅವರ ಜೊತೆಗಾರರು ಇಬ್ಬಿಬ್ಬರನ್ನು ಜೋಡಿ ಮಾಡಿ ಕೂರಿಸಿದರು. ಒಬ್ಬರ ಕೈಗೆ ಹಿತವಾದ ಮೆತ್ತನೆಯ ವಸ್ತು ಸೋಕಿದರೆ, ಇನ್ನೊಬ್ಬರ ಕೈಗೆ ಅಸಹ್ಯ ಹುಟ್ಟಿಸುವ ಲೋಳೆಯಂಥದ್ದು. ಜೊತೆಗೆ ಅದಕ್ಕೆ ತಕ್ಕ ಚಿತ್ರ. ಪಕ್ಕದವರಿಗೆ ಈಗ ಹೇಗನಿಸುತ್ತಿದೆ, ಅಂದಾಜಿಸಿ ಎಂದರು. ಇಬ್ಬರಿಗೂ ಒಂದೇ ಬಗೆಯ ಸ್ಪರ್ಶವಾದಾಗ ಊಹೆ ಸುಲಭ. ಬೇರೆ ಬೇರೆಯಾದಾಗ, ತನಗೆ ಹಿತವಾಗಿದ್ದವರು ಪಕ್ಕದವರ ಅಸಹ್ಯವನ್ನು ಕಡಿಮೆ ಎಂದೇ ಎಣಿಸಿದರು. ತಮ್ಮ ಭಾವನೆಯನ್ನು ಬದಿಗಿಟ್ಟು ಅವರದನ್ನು ಅಳೆಯಬೇಕಾದ ಆ ಹೊತ್ತಿನಲ್ಲಿ ಕೆಲಸ ಮಾಡುವುದು ಮಿದುಳಿನ ಬಲಬದಿಯಲ್ಲಿ, ಕಿವಿಯ ಮೇಲ್ಭಾಗಕ್ಕೆ ಬರುವ ಒಂದು ಮಡಿಕೆ. ಹೊರಗಿನಿಂದ ಕಾಂತೀಯ ಪ್ರಚೋದನೆ ಕೊಟ್ಟು ಅದರ ಕೆಲಸಕ್ಕೆ ಅಡ್ಡಿ ಮಾಡಿದಾಗ ಜನರ ಊಹೆ ಇನ್ನಷ್ಟು ತಮ್ಮ ಕಡೆಗೇ ವಾಲಿತು. ಬೇರೆಯವರ ಸ್ಥಿತಿಯನ್ನು ನಮ್ಮದರಿಂದ ಬೇರ್ಪಡಿಸುವುದು ತಾನಾಗಿ ಆಗುವಂಥದ್ದಲ್ಲ, ಮಿದುಳು ದುಡಿದು ಮಾಡುವ ಕೆಲಸ ಎಂದಾಯಿತು.

ಮಕ್ಕಳು ಇದನ್ನು ಕಲಿಯುತ್ತಾರೆ

ಹುಟ್ಟಿದಾಗ ಈ ಸಾಮರ್ಥ್ಯ ಪೂರ್ಣವಾಗಿರುವುದಿಲ್ಲ. ಆಸ್ಟ್ರಿಯಾದ ಹೈನ್ಸ್ ವಿಮ್ಮರ್ ಮತ್ತು ಯೋಸೆಫ್ ಪೆರ್ನರ್ 1983ರಲ್ಲಿ ಮಕ್ಕಳಿಗೆ ಒಂದು ಕತೆ ಹೇಳಿದರು. ಮ್ಯಾಕ್ಸಿ ಎಂಬ ಹುಡುಗ ಒಂದು ಕಪಾಟಿನಲ್ಲಿ ಚಾಕೊಲೇಟ್ ಇಟ್ಟು ಆಟಕ್ಕೆ ಹೋದ. ಅವನಿಲ್ಲದಾಗ ಅಮ್ಮ ಅದನ್ನು ಇನ್ನೊಂದು ಕಪಾಟಿಗೆ ಹಾಕಿದಳು. ಮ್ಯಾಕ್ಸಿ ಬಂದು ಎಲ್ಲಿ ಹುಡುಕುತ್ತಾನೆ? 3ರಿಂದ 4 ವರ್ಷದ ಮಕ್ಕಳಲ್ಲಿ ಒಬ್ಬರೂ ಸರಿಯಾಗಿ ಹೇಳಲಿಲ್ಲ. ಚಾಕೊಲೇಟ್ ಈಗ ಎಲ್ಲಿದೆ ಎಂಬುದು ತಮಗೆ ಗೊತ್ತು, ಹಾಗಾಗಿ ಮ್ಯಾಕ್ಸಿಗೂ ಗೊತ್ತು. 4ರಿಂದ 6ರವರಲ್ಲಿ ಶೇ. 57, 6ರಿಂದ 9ರವರಲ್ಲಿ ಶೇ. 86 ಮಕ್ಕಳು ಸರಿಯಾಗಿ ಹೇಳಿದರು. ನಾಲ್ಕರ ಆಚೀಚೆ ಮಗುವಿಗೆ ‘ನನ್ನ ತಲೆಯಲ್ಲಿರುವುದು ಅವನ ತಲೆಯಲ್ಲಿ ಇಲ್ಲ’ ಎಂಬುದು ಹೊಳೆಯತೊಡಗುತ್ತದೆ. ಹಾಗೆಂದು ಹಳೆಯ ಅಭ್ಯಾಸ ಪೂರ್ತಿ ಬಿಟ್ಟುಹೋಗುವುದಿಲ್ಲ. ದೊಡ್ಡವರೂ ತಮ್ಮಿಂದಲೇ ಹೊರಟು, ಆಮೇಲೆ ಬೇರೆಯವರ ಕಡೆಗೆ ಸರಿಹೊಂದಿಸಿಕೊಳ್ಳುತ್ತಾರೆ. ಅವಸರದಲ್ಲಿದ್ದಾಗ ಆ ಸರಿಹೊಂದಿಕೆ ಅರ್ಧಕ್ಕೇ ನಿಲ್ಲುತ್ತದೆ.

ಫ್ರಾಯ್ಡ್ ಹೇಳಿದ್ದೇನು

ರೀಲ್ಸ್‌ಗಳ ಪ್ರಕ್ಷೇಪಣಕ್ಕೆ ಮೂಲ, ಮನೋವಿಶ್ಲೇಷಣೆಯನ್ನು ಹುಟ್ಟುಹಾಕಿದ ವೈದ್ಯ ಸಿಗ್ಮಂಡ್ ಫ್ರಾಯ್ಡ್. 1895ರ ಜನವರಿಯಲ್ಲಿ ಬರ್ಲಿನ್ನಿನ ಗೆಳೆಯ, ವೈದ್ಯ ವಿಲ್‌ಹೆಲ್ಮ್ ಫ್ಲೀಸ್‌ಗೆ ಕಳಿಸಿದ ಟಿಪ್ಪಣಿಯಲ್ಲಿ ಅವರು ಒಬ್ಬ ಅವಿವಾಹಿತ ಮಹಿಳೆಯ ವಿಷಯ ಬರೆದಿದ್ದರು. ಅವಳ ಮನೆಯಲ್ಲಿ ಬಾಡಿಗೆಗಿದ್ದ ಗಂಡಸೊಬ್ಬ ಅವಳೊಂದಿಗೆ ಅಸಭ್ಯವಾಗಿ ನಡೆದುಕೊಂಡು ಊರು ಬಿಟ್ಟಿದ್ದ. ಕೆಲಕಾಲದ ನಂತರ ಅವಳಿಗೆ ಅಕ್ಕಪಕ್ಕದವರು ತನ್ನ ಬಗ್ಗೆ, ಆ ಗಂಡಸಿನ ಬಗ್ಗೆ ಆಡಿಕೊಳ್ಳುತ್ತಿದ್ದಾರೆ ಎಂಬ ಭ್ರಮೆ ಶುರುವಾಯಿತು. ಫ್ರಾಯ್ಡ್ ಅದನ್ನು ಹೀಗೆ ಅರ್ಥೈಸಿದರು: ‘ನಾನು ಕೆಟ್ಟವಳು’ ಎಂಬ ನಿಂದೆ ಮೊದಲು ಅವಳೊಳಗೇ ಇತ್ತು. ಒಳಗಿನಿಂದ ಬರುವ ನಿಂದೆಯನ್ನು ತಡೆದುಕೊಳ್ಳುವುದು ಕಷ್ಟ. ಅದೇ ನಿಂದೆ ನೆರೆಯವರ ಬಾಯಿಂದ ಬಂದರೆ ‘ಸುಳ್ಳು’ ಎಂದು ತಳ್ಳಿಹಾಕಬಹುದು. ನಿಂದೆ ಹಾಗೇ ಉಳಿಯಿತು, ಅದು ಬರುವ ದಿಕ್ಕು ಮಾತ್ರ ಬದಲಾಯಿತು.

1911ರಲ್ಲಿ ಅವರು ಡ್ಯಾನಿಯಲ್ ಪಾಲ್ ಶ್ರೇಬರ್ ಎಂಬ ಜರ್ಮನ್ ನ್ಯಾಯಾಧೀಶರ ಆತ್ಮಕಥನವನ್ನು ಓದಿ, ಅವರನ್ನು ಒಮ್ಮೆಯೂ ಭೇಟಿಯಾಗದೆ, ವಿಶ್ಲೇಷಣೆ ಬರೆದರು. ತನ್ನ ವೈದ್ಯ ತನ್ನ ಆತ್ಮವನ್ನೇ ಕೊಲ್ಲುತ್ತಿದ್ದಾನೆ ಎಂದು ಶ್ರೇಬರ್ ನಂಬಿದ್ದರು. ‘ಅವನೆಂದರೆ ನನಗೆ ಪ್ರೀತಿ’ ಎಂಬುದು ಒಪ್ಪಲಾಗದೆ ‘ಇಲ್ಲ, ದ್ವೇಷ’ ಎಂದಾಗುತ್ತದೆ, ಅದೂ ಒಪ್ಪಲಾಗದೆ ‘ಅವನೇ ನನ್ನನ್ನು ದ್ವೇಷಿಸುತ್ತಾನೆ’ ಎಂದಾಗುತ್ತದೆ ಎಂಬುದು ಫ್ರಾಯ್ಡ್ ಕೊಟ್ಟ ಸೂತ್ರ. ಈ ವ್ಯಾಖ್ಯಾನವನ್ನು ಇಂದು ಹೆಚ್ಚಿನ ಮನೋವೈದ್ಯರು ಒಪ್ಪುವುದಿಲ್ಲ. ಆದರೆ ‘ನಾನು’ ಮತ್ತು ‘ಅವನು’ ಜಾಗ ಬದಲಿಸುವ ಆ ವಿವರಣೆ ಜನರ ಮನಸ್ಸಿನಲ್ಲಿ ನಿಂತುಬಿಟ್ಟಿತು. 1936ರಲ್ಲಿ ಫ್ರಾಯ್ಡ್ ಮಗಳು ಆನಾ ಫ್ರಾಯ್ಡ್ ಮನಸ್ಸಿನ ರಕ್ಷಣಾ ತಂತ್ರಗಳ ಬಗ್ಗೆ ಬರೆದ ಪುಸ್ತಕದಲ್ಲಿ ಪ್ರಕ್ಷೇಪಣಕ್ಕೆ ಕಾಯಂ ಸ್ಥಾನ ಸಿಕ್ಕಿತು. ಅದು ರಕ್ಷಣೆಯ ಗುರಾಣಿ ಎಂಬ ಅರ್ಥ ಗಟ್ಟಿಯಾಯಿತು.

ಇಲ್ಲಿ ಮರೆತುಹೋದ ಸಂಗತಿ ಒಂದಿದೆ. 1913ರ ಹೊತ್ತಿಗೇ ಫ್ರಾಯ್ಡ್, ಪ್ರಕ್ಷೇಪಣ ಇರುವುದು ರಕ್ಷಣೆಗಷ್ಟೇ ಅಲ್ಲ, ಮನಸ್ಸಿನಲ್ಲಿ ಯಾವ ತಿಕ್ಕಾಟವೂ ಇಲ್ಲದಾಗಲೂ ಅದು ನಡೆಯುತ್ತದೆ ಎಂದು ಬರೆದಿದ್ದರು. ಅವರ ಹೆಸರಿನಲ್ಲಿ ಇವತ್ತು ಓಡಾಡುತ್ತಿರುವ ಮಾತಿಗಿಂತ ಅವರು ಬರೆದದ್ದು ಹೆಚ್ಚು ಹದವಾಗಿದೆ.

ಅದಕ್ಕೆ ಪುರಾವೆ ಇದೆಯೇ?

ಒಪ್ಪಿಕೊಳ್ಳದ ದೋಷವನ್ನೇ ಬೇರೆಯವರಲ್ಲಿ ಕಾಣುತ್ತೇವೆ ಎಂಬುದನ್ನು ಪರೀಕ್ಷಿಸಲು ಹೊರಟ ಮೊದಲಿಗರಲ್ಲಿ ರಾಬರ್ಟ್ ಸಿಯರ್ಸ್ ಒಬ್ಬರು. 1936ರಲ್ಲಿ ಅವರು ಒಟ್ಟಿಗೆ ವಾಸಿಸುತ್ತಿದ್ದ ಕಾಲೇಜು ವಿದ್ಯಾರ್ಥಿಗಳಿಗೆ ಜಿಪುಣತನ, ಹಟಮಾರಿತನ, ಅಚ್ಚುಕಟ್ಟಿಲ್ಲದಿರುವುದು, ನಾಚಿಕೆ ಈ ಗುಣಗಳಲ್ಲಿ ತಮಗೂ ಜೊತೆಯವರಿಗೂ ಅಂಕ ಹಾಕಲು ಹೇಳಿದರು. ಜಿಪುಣ ಎಂದು ಗೆಳೆಯರೆಲ್ಲ ಹೇಳಿದರೂ ತಾನು ಅಲ್ಲ ಎಂದುಕೊಂಡಿದ್ದವರು ಉಳಿದವರನ್ನು ಹೆಚ್ಚು ಜಿಪುಣರೆಂದು ಗುರುತಿಸಿದ್ದರು. ಸಿದ್ಧಾಂತ ಗೆದ್ದಂತೆ ಕಂಡಿತು. ಆದರೆ ಆ ಲೆಕ್ಕ ಹಾಕಿದ ವಿಧಾನದಲ್ಲೇ ದೋಷವಿದೆ ಎಂಬ ಟೀಕೆ ಬಂತು. ಡೇವಿಡ್ ಹೋಮ್ಸ್ 1968ರಲ್ಲಿ, ಮತ್ತೆ 1978ರಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಜರಡಿ ಹಿಡಿದು, ತನಗೆ ಗೊತ್ತಿಲ್ಲದ ದೋಷವನ್ನು ಬೇರೆಯವರ ಮೇಲೆ ಹೊರಿಸಿ ಮನಸ್ಸು ಹಗುರಾಗುತ್ತದೆ ಎಂಬುದಕ್ಕೆ ನಂಬಬಹುದಾದ ಸಾಕ್ಷ್ಯ ಇಲ್ಲ ಎಂದರು.

1997ರಲ್ಲಿ ಲೆನರ್ಡ್ ನ್ಯೂಮನ್, ಕಿಂಬರ್ಲಿ ಡಫ್ ಮತ್ತು ರಾಯ್ ಬಾಮೈಸ್ಟರ್ ಈ ಪ್ರಶ್ನೆಯನ್ನೇ ತಿರುಗಿಸಿ ಕೇಳಿದರು. ಔಷಧ ಕುಡಿಯುವಾಗ ಕೋತಿಯನ್ನು ನೆನೆಯಬೇಡ ಎಂದರೆ ಕೋತಿಯೇ ನೆನಪಾಗುವ ಕತೆ ನಮಗೆಲ್ಲ ಗೊತ್ತಿದೆ. ಡೇನಿಯಲ್ ವೆಗ್ನರ್ 1987ರಲ್ಲಿ, ಬಿಳಿ ಕರಡಿಯನ್ನು ನೆನೆಯಬೇಡಿ ಎಂದು ಜನರಿಗೆ ಹೇಳಿ ಅದನ್ನು ಪ್ರಯೋಗಶಾಲೆಯಲ್ಲಿ ತೋರಿಸಿದ್ದರು. ನ್ಯೂಮನ್ ತಂಡ ಅದನ್ನು ಮುಂದುವರಿಸಿತು. ನಿಮ್ಮಲ್ಲಿ ಇಂತಿಂಥ ಕೆಟ್ಟ ಗುಣಗಳಿವೆ ಎಂದು ಜನರಿಗೆ ಪ್ರಯೋಗಕ್ಕಾಗಿ ಹೇಳಿ, ಅವುಗಳಲ್ಲಿ ಒಂದರ ಬಗ್ಗೆ ಯೋಚಿಸಲೇಬೇಡಿ ಎಂದರು. ಆಮೇಲೆ ವಿಡಿಯೊದಲ್ಲಿ ಒಬ್ಬ ಅಪರಿಚಿತ ಮಹಿಳೆಯನ್ನು ತೋರಿಸಿದರು. ಒತ್ತಿಹಿಡಿದ ಆ ಗುಣವನ್ನೇ ಅವರು ಆಕೆಯಲ್ಲಿ ಹೆಚ್ಚಾಗಿ ಕಂಡರು.

ಈ ಫಲಿತಾಂಶ ಸೂಚಿಸುವುದು ಸರಳವಾದ ಕಾರಣವನ್ನು. ಒಂದು ವಿಷಯವನ್ನು ಮನಸ್ಸಿನಿಂದ ದೂರವಿಡಲು ಹೆಣಗಿದಷ್ಟೂ ಅದು ನಾಲಿಗೆಯ ತುದಿಯಲ್ಲೇ ಇರುತ್ತದೆ. ಎದುರಿಗಿರುವವರ ಅಸ್ಪಷ್ಟ ನಡೆಗೆ ಹೆಸರಿಡುವಾಗ ಮೊದಲು ಸಿಗುವುದು ಅದೇ ಪದ. ದೋಷವನ್ನು ಯಾರಿಗೋ ದಾಟಿಸಿ ಪಾರಾಗಬೇಕೆಂಬ ಗುಟ್ಟಿನ ಸಂಚು ಇಲ್ಲಿ ಬೇಕಾಗಿಯೇ ಇಲ್ಲ. ದುಡ್ಡಿನ ಚಿಂತೆಯನ್ನು ತೋರಿಸಿಕೊಳ್ಳದೆ ನುಂಗಿಕೊಂಡಿರುವವರಿಗೆ, ಅಣ್ಣನ ಮನೆಯವರ ಮಾತೆಲ್ಲ ದುಡ್ಡಿನ ಕಡೆಗೇ ಹೋದಂತೆ ಕೇಳುವುದು ಹೀಗೆ.

ಪ್ರೇಮ, ದಾಂಪತ್ಯದ ಸಂಶಯದ ಬಗ್ಗೆಯೂ ಕೆಲಸ ನಡೆದಿದೆ. ಆಂಜೆಲಾ ನೀಲ್ ಮತ್ತು ಎಡ್ವರ್ಡ್ ಲೆಮೆ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇರೆಯವರ ಕಡೆಗೆ ಮನಸ್ಸು ಸೆಳೆದ ಸಂಗಾತಿಗಳು ತಮ್ಮ ಜೊತೆಗಾರರ ಮನಸ್ಸೂ ಹಾಗೇ ಸೆಳೆಯುತ್ತಿದೆ ಎಂದು ಹೆಚ್ಚಾಗಿ ಭಾವಿಸುತ್ತಿದ್ದರು, ಸಿಟ್ಟಾಗುತ್ತಿದ್ದರು. ಆದರೆ ಇದು ಗುಂಪಿನ ಒಟ್ಟಾರೆ ಒಲವು. ಸಂಶಯಪಡುವ ಪ್ರತಿಯೊಬ್ಬರೂ ಮೋಸಗಾರರು ಎಂದು ಇದರಿಂದ ಹೇಳಲಾಗದು. ಹಿಂದೆ ಮೋಸಹೋದವರೂ ಸಂಶಯಪಡುತ್ತಾರೆ. ಕಣ್ಣಾರೆ ಏನೋ ಕಂಡವರೂ ಸಂಶಯಪಡುತ್ತಾರೆ.

ಶಾಯಿ ಕಲೆಗಳನ್ನು ತೋರಿಸಿ ಅದರಲ್ಲಿ ಏನು ಕಾಣುತ್ತದೆ ಎಂದು ಕೇಳುವ ಪರೀಕ್ಷೆಯ ಮಾತೂ ಇಲ್ಲಿ ಬರುತ್ತದೆ. ಸ್ವಿಟ್ಜರ್ಲೆಂಡಿನ ಹರ್ಮನ್ ರೋರ್ಷಾಕ್ 1921ರಲ್ಲಿ ಹತ್ತು ಕಾರ್ಡುಗಳನ್ನು ಪ್ರಕಟಿಸಿದಾಗ, ಜನ ಆಕಾರಗಳನ್ನು ಹೇಗೆ ಗ್ರಹಿಸುತ್ತಾರೆ ಎಂಬ ಪರೀಕ್ಷೆಯೆಂದೇ ಭಾವಿಸಿದ್ದರು. ಮರುವರ್ಷವೇ ತೀರಿಕೊಂಡರು. ಇಂಥ ಪರೀಕ್ಷೆಗಳಿಗೆ ಪ್ರಕ್ಷೇಪಣದ ಹೆಸರು ಅಂಟಿದ್ದು 1939ರಲ್ಲಿ ಲಾರೆನ್ಸ್ ಫ್ರ್ಯಾಂಕ್ ಬರೆದ ಲೇಖನದಿಂದ. ಮೊಬೈಲಿನಲ್ಲಿ ಬರುವ ‘ಈ ಚಿತ್ರದಲ್ಲಿ ಮೊದಲು ಏನು ಕಂಡಿತು, ನಿಮ್ಮ ಗುಣ ಹೇಳುತ್ತೇವೆ’ ಎಂಬ ಆಟಗಳಿಗೂ ತರಬೇತಾದವರು ಗಂಟೆಗಟ್ಟಲೆ ಕೂತು ಮಾಡುವ ಪರೀಕ್ಷೆಗೂ ಸಂಬಂಧವಿಲ್ಲ.

‘ನೀನು ಪ್ರೊಜೆಕ್ಟ್ ಮಾಡ್ತಿದ್ದೀಯ’ ಎನ್ನುವ ಮೊದಲು

ಈ ಆರೋಪ ಮಾಡುವವರೂ ಎದುರಿಗಿರುವವರ ಮನಸ್ಸಿನೊಳಗೆ ಏನಿದೆ ಎಂದು ಊಹಿಸುತ್ತಲೇ ಇದ್ದಾರೆ. ಆ ಊಹೆಗೂ ಮೇಲೆ ಹೇಳಿದ ಎಲ್ಲ ಮಿತಿಗಳಿವೆ. ಅದಕ್ಕಿಂತ ಮುಖ್ಯವಾಗಿ, ಒಬ್ಬರ ದೂರು ಅವರ ಪ್ರಕ್ಷೇಪಣವೇ ಆಗಿದ್ದರೂ ಆ ದೂರು ಸುಳ್ಳು ಎಂದೇನಾಗುವುದಿಲ್ಲ. ಸಿಟ್ಟಿನ ಮನುಷ್ಯ ಇನ್ನೊಬ್ಬರ ಸಿಟ್ಟನ್ನು ಸರಿಯಾಗಿಯೇ ಗುರುತಿಸಿರಬಹುದು. ದೂರಿನ ಸತ್ಯ ತಿಳಿಯಬೇಕಾದದ್ದು ನಡೆದ ಘಟನೆಯಿಂದ. ನಿನ್ನೆ ಏನು ಹೇಳಿದೆ, ಏನು ಮಾಡಿದೆ ಎಂಬ ಪ್ರಶ್ನೆಗೆ ಉತ್ತರ ಹುಡುಕಬಹುದು. ನಿನ್ನ ಸುಪ್ತ ಮನಸ್ಸಿನಲ್ಲಿ ಏನಿದೆ ಎಂಬ ವಾದಕ್ಕೆ ಕೊನೆಯಿಲ್ಲ.

ಈ ಪದವನ್ನು ನಮ್ಮ ಮೇಲೆಯೇ ಬಳಸಿಕೊಳ್ಳುವುದು ಹೆಚ್ಚು ಉ­ಪಯೋಗ. ಕಳಿಸಿದ ಮೆಸೇಜಿಗೆ ನೀಲಿ ಗುರುತು ಬಂದು ಎರಡು ಗಂಟೆಯಾದರೂ ಉತ್ತರ ಬಂದಿಲ್ಲ, ಅವಳಿಗೆ ನನ್ನ ಮೇಲೆ ಕೋಪ ಅನಿಸುತ್ತದೆ. ಕೋಪ ಎಂಬುದಕ್ಕೆ ಅವಳ ಕಡೆಯಿಂದ ಬಂದ ಸುಳಿವು ಏನಾದರೂ ಇದೆಯೇ? ಬೆಳಿಗ್ಗೆ ನನ್ನದೇ ಮನಸ್ಸು ಕಹಿಯಾಗಿತ್ತೇ? ಅದೇ ಮೌನವನ್ನು ನಾನು ಖುಷಿಯಾಗಿದ್ದ ದಿನ ಹೇಗೆ ಓದುತ್ತಿದ್ದೆ? ಬೇರೆ ಬೇರೆ ಊರು, ಬೇರೆ ಬೇರೆ ಆಫೀಸು, ಬೇರೆ ಬೇರೆ ಜನ, ಆದರೂ ಎಲ್ಲರ ಮೇಲೂ ನನ್ನ ದೂರು ಒಂದೇ ಆಗಿದ್ದರೆ, ಆ ಎಲ್ಲ ಜಾಗಗಳಲ್ಲಿ ಇದ್ದವರು ನಾನೊಬ್ಬರೇ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇನ್ನೊಂದು ಗೆರೆಯನ್ನು ಎಚ್ಚರದಿಂದ ಎಳೆದುಕೊಳ್ಳಬೇಕು. ಎಲ್ಲರೂ ತನ್ನ ವಿರುದ್ಧ ಸಂಚು ಮಾಡುತ್ತಿದ್ದಾರೆ, ಊಟಕ್ಕೆ ವಿಷ ಹಾಕುತ್ತಿದ್ದಾರೆ, ತನ್ನ ಯೋಚನೆಗಳು ಬೇರೆಯವರಿಗೆ ಕೇಳಿಸುತ್ತಿವೆ ಎಂದು ಮನೆಯಲ್ಲಿ ಒಬ್ಬರು ಗಟ್ಟಿಯಾಗಿ ನಂಬಿ, ನಿದ್ದೆ ಊಟ ಬಿಟ್ಟಿದ್ದರೆ ಅದು ಪ್ರಕ್ಷೇಪಣದ ಚರ್ಚೆಯ ವಿಷಯವಲ್ಲ, ಚಿಕಿತ್ಸೆ ಇರುವ ಕಾಯಿಲೆಯ ಲಕ್ಷಣವಿರಬಹುದು. ಬುದ್ಧಿ ಹೇಳಿ, ವಾದ ಮಾಡಿ ಅದನ್ನು ಸರಿಪಡಿಸಲಾಗದು. ಮನೋವೈದ್ಯರ ಬಳಿ ಕರೆದೊಯ್ಯಬೇಕು. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ.

ಊಹಿಸುವುದಕ್ಕಿಂತ ಕೇಳುವುದು

ಇದಕ್ಕೆಲ್ಲ ಸಾಮಾನ್ಯವಾಗಿ ಸಿಗುವ ಸಲಹೆ, ‘ಅವರ ಜಾಗದಲ್ಲಿ ನಿಂತು ಯೋಚಿಸು’. ಕೇಳಲು ಸರಿಯೆನಿಸುವ ಈ ಸಲಹೆಯನ್ನು ತಾಲ್ ಏಯಲ್, ಮೇರಿ ಸ್ಟೆಫೆಲ್ ಮತ್ತು ನಿಕೋಲಸ್ ಎಪ್ಲಿ 25 ಪ್ರಯೋಗಗಳಲ್ಲಿ ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಮುಖಭಾವದಿಂದ ಭಾವನೆ ಗುರುತಿಸುವುದು, ನಿಜವಾದ ನಗುವನ್ನೂ ನಟನೆಯ ನಗುವನ್ನೂ ಬೇರ್ಪಡಿಸುವುದು, ಸುಳ್ಳು ಹಿಡಿಯುವುದು, ತನ್ನ ಸಂಗಾತಿಗೆ ಯಾವುದು ಇಷ್ಟ ಎಂದು ಹೇಳುವುದು, ಹೀಗೆ ಹಲವು ಬಗೆ. ಅವರ ಜಾಗದಲ್ಲಿ ನಿಂತು ಯೋಚಿಸಿದವರು ತಮ್ಮನ್ನೇ ಅಳತೆಗೋಲು ಮಾಡಿಕೊಳ್ಳುವುದನ್ನು ಕಡಿಮೆ ಮಾಡಿದರು, ನಿಜ. ಆದರೆ ಉತ್ತರಗಳು ಹೆಚ್ಚು ಸರಿಯಾಗಲಿಲ್ಲ. ಒಟ್ಟಾರೆ ನೋಡಿದರೆ ಸ್ವಲ್ಪ ಕೆಟ್ಟವು, ಕೆಲವು ಸಲ ಆತ್ಮವಿಶ್ವಾಸ ಮಾತ್ರ ಏರಿತು. ಕಾರಣ ಊಹಿಸುವುದು ಕಷ್ಟವಲ್ಲ. ಅವರ ಜಾಗದಲ್ಲಿ ನಿಂತಾಗಲೂ ಅಲ್ಲಿ ನಿಂತಿರುವುದು ನಾವೇ. ನಿಖರತೆ ಹೆಚ್ಚಿದ್ದು ಕೊನೆಯ ಪ್ರಯೋಗದಲ್ಲಿ, ಎದುರಿಗಿರುವವರನ್ನು ಮಾತಾಡಿಸಿ ಕೇಳಿದಾಗ.

ಕೇಳುವುದರಲ್ಲೂ ಒಂದು ಹದವಿದೆ. ಹಳ್ಳಿಯ ಮನೆಯಿಂದ ಅಪ್ಪನನ್ನು ಬೆಂಗಳೂರಿನ ಫ್ಲಾಟಿಗೋ ಅಮೆರಿಕಕ್ಕೋ ಕರೆದುಕೊಂಡು ಬಂದ ಮಗಳು, ಇಡೀ ದಿನ ಒಬ್ಬರೇ ಇರುವುದನ್ನು ನೋಡಿ “ಅಪ್ಪಾ, ನಿಮಗೆ ಇಲ್ಲಿ ಬೇಜಾರಾಗ್ತಿದೆ ಅಲ್ವಾ?” ಎಂದು ಕೇಳಿದರೆ, ಅವಳ ಬೇಜಾರು ಪ್ರಶ್ನೆಯೊಳಗೇ ಕೂತಿರುತ್ತದೆ. ಮಗಳ ಮನಸ್ಸು ನೋಯಿಸಬಾರದೆಂದು ಅಪ್ಪ “ಏನಿಲ್ಲಮ್ಮ” ಎನ್ನುತ್ತಾರೆ, ಇಲ್ಲವೇ ಅವಳು ಹೇಳಿದ್ದಕ್ಕೆ ತಲೆಯಾಡಿಸುತ್ತಾರೆ. ಎರಡರಿಂದಲೂ ಹೊಸದೇನೂ ತಿಳಿಯುವುದಿಲ್ಲ. “ಅಪ್ಪಾ, ಮಧ್ಯಾಹ್ನ ಹೊತ್ತು ಹೇಗೆ ಕಳೀತೀರಿ?” ಎಂದು ಕೇಳಿ ಸುಮ್ಮನಾದರೆ, ಎದುರುಗಡೆ ಕಟ್ಟಡಕ್ಕೆ ಮೋಲ್ಡ್ ಹಾಕುತ್ತಿರುವುದು, ಅಲ್ಲಿ ಕೆಲಸಕ್ಕೆ ಬರುವ ಯಾದಗಿರಿ ಕಡೆಯ ಮೇಸ್ತ್ರಿ ದಿನಾ ಮಾತಿಗೆ ಸಿಗುವುದು, ಬೇಜಾರಿಗಿಂತ ಮಂಡಿನೋವೇ ಹೆಚ್ಚಾಗಿರುವುದು, ಲಿಫ್ಟ್ ಕೆಟ್ಟ ದಿನ ಕೆಳಗಿಳಿಯಲು ಆಗದಿರುವುದು ಇವೆಲ್ಲ ಒಂದೊಂದಾಗಿ ಹೊರಬರಬಹುದು.